ತಂತಿ ಸಡಿಲಾಗಿರಬೇಕು

ಮುಂಜಾನೆ ಎಂಟು ಗಂಟೆ ಮೂರು ನಿಮಿಷಕ್ಕೆ ನಮ್ಮಪ್ಪ ಚಹಾದ ಕಪ್ಪು ಕೆಳಗಿಟ್ಟು ಎದೆ ಮುಟ್ಟಿಕೊಂಡ. ಅದೇ ಕ್ಷಣಕ್ಕೆ ಎದುರು ಕುರ್ಚಿಯಲ್ಲಿದ್ದ ಪಕ್ಕದ ಮನೆಯ ಸುಶೀಲಾಬಾಯಿ ವೆರ್ಣೇಕರ್ ಕೂಡ ಮುಟ್ಟಿಕೊಂಡರು. ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡಿದ್ದಲ್ಲ. ಅಪ್ಪನ ಕಣ್ಣು ಪೇಪರಿನಲ್ಲಿತ್ತು, ಸುಶೀಲಾಬಾಯಿ ಬೀದಿಯ ಕಡೆ ಮುಖ ಮಾಡಿ ತರಕಾರಿ ಗಾಡಿಗೆ ಕಾಯುತ್ತಿದ್ದರು.

"ಯಾಕಪ್ಪಾ, ಏನಾತು?" ಎಂದೆ.

"ಏನಿಲ್ಲ. ಎದಿ ಒಂದ್ ಗಳಿಗಿ ನಿಂತಂಗಾತು. ಮತ್ತ ಶುರುವಾತು."

"ಅಯ್ಯ, ನನಗೂ ಈಗ ಹಂಗ ಆತ್ರೀ!" ಸುಶೀಲಾಬಾಯಿ ಕಣ್ಣರಳಿಸಿದರು. "ಈ ವಾರ ದಿನಾ ಆಗಾಕತ್ತೈತಿ. ವಯಸ್ಸಾತು ಅಂತ ಸುಮ್ಮನಾಗಿದ್ದೆ."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಹತ್ತು ವರ್ಷ ಪ್ರೋಗ್ರಾಂ ಬರೆದವರಿಗೆ ಒಂದು ಕೆಟ್ಟ ಚಟ ಅಂಟಿರುತ್ತದೆ. ಒಂದೇ ತರದ್ದು ಎರಡು ಕಡೆ ಕಂಡರೆ ಗಡಿಯಾರ ನೋಡುತ್ತೇವೆ. ನೋಡಿದೆ. ಎಂಟು ಗಂಟೆ ಏಳು ನಿಮಿಷಕ್ಕೆ ಇಬ್ಬರ ಕೈಯೂ ಮತ್ತೆ ಎದೆಗೆ ಹೋಯಿತು. ಹನ್ನೊಂದು ನಿಮಿಷಕ್ಕೆ ಮತ್ತೆ ಹೋಯಿತು. ನಾನು ಎದ್ದು ಸ್ಕೂಟರಿನ ಕೀಲಿ ತೆಗೆದುಕೊಂಡೆ. ಯಾಕೆಂದರೆ ಅವರಿಬ್ಬರ ಎದೆಯ ಮೇಲೆ ಅಂಟಿಕೊಂಡಿದ್ದ ಬಿಲ್ಲೆಯೊಳಗೆ ಓಡುತ್ತಿದ್ದದ್ದು ನಾನು ಬರೆದ ಪ್ರೋಗ್ರಾಂ.

ಬಿಲ್ಲೆ ಎಂದರೆ ಏನೆಂದು ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಈಗ ಅದನ್ನು ಕಾಣದ ಮನೆಯಿಲ್ಲ, ಆದರೂ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಯಾರೂ ಕೇಳುವುದಿಲ್ಲ. ಹತ್ತು ರೂಪಾಯಿ ನಾಣ್ಯದಷ್ಟಗಲದ ತೆಳು ತಗಡು. ಎದೆ ದುರ್ಬಲವಾದವರಿಗೆ ಡಾಕ್ಟರು ಎಡ ಭುಜದ ಮೂಳೆಯ ಕೆಳಗೆ ಅಂಟಿಸುತ್ತಾರೆ. ಮೊದಲ ಒಂದು ತಿಂಗಳು ಅದು ಸುಮ್ಮನೆ ಕಿವಿಗೊಟ್ಟು ಆ ಮನುಷ್ಯನ ಎದೆಬಡಿತ ಹೇಗಿದೆ ಎಂದು ಕಲಿಯುತ್ತದೆ. ಕಲಿತದ್ದು ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಅವರವರ ಹೆಸರಿನಲ್ಲಿ ಒಂದೊಂದು ಕಡತವಾಗಿ ಇರುತ್ತದೆ. ಆಮೇಲೆ ಎದೆ ಎಡವಿದಾಗೆಲ್ಲ ಬಿಲ್ಲೆ ಸಣ್ಣಗೆ ವಿದ್ಯುತ್ತಿನಿಂದ ತಟ್ಟಿ, ನಿನ್ನ ಬಡಿತ ಹೀಗಿತ್ತು, ಹೀಗೇ ನಡಿ ಎಂದು ದಾರಿಗೆ ತರುತ್ತದೆ. ಪ್ರೋಗ್ರಾಮಿನಲ್ಲಿ ಮಾಡಿದ ಪ್ರತಿ ಹೊಸ ಬದಲಾವಣೆಯ ನಂತರ ಒಮ್ಮೆಲೇ ಜೋರು ಮಾಡುವುದಿಲ್ಲ. ದಿನದಿಂದ ದಿನಕ್ಕೆ ಹಿಡಿತ ಏರಿಸಿ, ಸರಿಯಾಗಿ ಏಳನೇ ದಿನಕ್ಕೆ ಪೂರ್ತಿ ಹಿಡಿತ ತೆಗೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಎದೆ ಅದು ಹೇಳಿದ ಹಾಗೆಯೇ ಬಡಿಯಬೇಕು.

ಹಿಂದಿನ ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ನಾವು ಎಲ್ಲ ಬಿಲ್ಲೆಗಳಿಗೂ ಅಂಥದೊಂದು ಬದಲಾವಣೆ ಬಿಟ್ಟಿದ್ದೆವು. ಶುಕ್ರವಾರ ಏನನ್ನೂ ಬಿಡಬಾರದು ಎನ್ನುವುದು ನಮ್ಮ ಕಸುಬಿನವರ ವ್ರತ. ಶನಿವಾರ, ಭಾನುವಾರ ನೋಡಿಕೊಳ್ಳಲು ಯಾರೂ ಇರುವುದಿಲ್ಲವಲ್ಲ! ಆದರೆ ಸೋಮವಾರ ದೊಡ್ಡವರು ಯಾರೋ ನೋಡಲು ಬರುವವರಿದ್ದರು. ವ್ರತ ಮುರಿದೆವು. ಇವತ್ತು ಮತ್ತೆ ಶುಕ್ರವಾರ, ನಾಲ್ಕಕ್ಕೆ ಏಳು ದಿನ ತುಂಬುತ್ತದೆ.

"ಎಲ್ಲಿಗೆ ಓಡತಿ? ನಾಷ್ಟಾ?" ಅಪ್ಪ ಕೂಗಿದ. ನಾನು ಆಗಲೇ ಗೇಟು ದಾಟಿದ್ದೆ.

ಆಫೀಸು ವಿದ್ಯಾನಗರದಲ್ಲಿ, ಮೂರನೇ ಮಹಡಿ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ. ಮೇಲೆ ಮುಟ್ಟುವ ಹೊತ್ತಿಗೆ ಒಂದು ಕ್ಷಣ ಕಣ್ಣು ಕತ್ತಲಾಗಿ ಗೋಡೆ ಹಿಡಿದು ನಿಂತೆ. ಹೊಟ್ಟೆಗೆ ಏನೂ ತಿಂದಿರಲಿಲ್ಲ. ದಿನಕ್ಕೆ ಹತ್ತು ತಾಸು ಪರದೆ ನೋಡುವವರಿಗೆ ಆಗುವುದೇ ಇದು, ನಮ್ಮಲ್ಲಿ ಯಾರಿಗೆ ಆಗುವುದಿಲ್ಲ?

ನಿಗಾ ಕೋಣೆಯಲ್ಲಿ ನಮ್ಮ ಝಾಕೀರ್ ಗೋಡೆಯಗಲದ ಪರದೆಯ ಮುಂದೆ ಗಿರ್ಮಿಟ್ ತಿನ್ನುತ್ತ ಕೂತಿದ್ದ. ಪರದೆಯ ಮೇಲೆ ನಲವತ್ತೊಂದು ಸಾವಿರ ಚುಕ್ಕೆ, ಒಂದೊಂದು ಚುಕ್ಕೆ ಒಂದೊಂದು ಎದೆ. ಎಲ್ಲವೂ ಹಸಿರು.

"ಬರ್ರಿ ಅಕ್ಕಾ, ಕಣ್ ತಂಪ್ ಮಾಡ್ಕೋರಿ," ಎಂದ. "ಈ ವಾರದಾಗ ಒಂದ ಒಂದು ಕೆಂಪು ಚುಕ್ಕಿ ಬಂದಿಲ್ಲ. ಐದು ವರ್ಷದಾಗ ಇಂಥ ವಾರ ನಾ ನೋಡಿಲ್ಲ."

"ಅದಕ್ಕ ನನಗ ಹೆದರಿಕಿ ಆಗಾಕತ್ತೈತಿ, ಝಾಕೀರ್. ಯಾರಾದ್ರೂ ಹತ್ತು ಮಂದಿ ತಗಿ. ಅವರ ಬಡಿತದ ಗೆರಿ ಒಂದರ ಮ್ಯಾಲ ಒಂದು ಇಟ್ಟು ತೋರಸು."

ತೋರಿಸಿದ. ಹತ್ತು ಗೆರೆ ಕಾಣಬೇಕಿತ್ತು. ಒಂದೇ ಒಂದು ಗೆರೆ ಕಂಡಿತು.

"ಹತ್ತೂ ಬಂದಿಲ್ಲ ಅನಸ್ತೈತಿ, ತಡೀರಿ," ಎಂದು ಮತ್ತೆ ಒತ್ತಿದ. ಮತ್ತೂ ಒಂದೇ ಗೆರೆ. ನೂರು ಮಂದಿಯದು ತೆಗೆದ. ಒಂದೇ ಗೆರೆ. ಸಾವಿರ ಮಂದಿಯದು ತೆಗೆದ. ಕುಂದಗೋಳದ ಮೇಷ್ಟರು, ಕೇಶ್ವಾಪುರದ ನರ್ಸು, ಅಣ್ಣಿಗೇರಿಯ ಪೈಲವಾನ, ಎಪ್ಪತ್ತರ ಮುದುಕಿ, ಮೂವತ್ತರ ಡ್ರೈವರ್, ಎಲ್ಲರ ಎದೆಯೂ ಒಂದೇ ಗೆರೆಯ ಮೇಲೆ ಏರಿ ಇಳಿಯುತ್ತಿತ್ತು. ಝಾಕೀರನ ಕೈಯಿಂದ ಗಿರ್ಮಿಟ್ಟಿನ ಪೊಟ್ಟಣ ಜಾರಿ ನೆಲದ ತುಂಬ ಚುರುಮುರಿ ಚೆಲ್ಲಿತು.

"ಯಾ ಅಲ್ಲಾ! ಅಕ್ಕಾ, ಇದು ಹೆಂಗ ಸಾಧ್ಯ? ಇದು ಯಾರ ಎದಿ?"

ನಾನು ಪರದೆಯ ಹತ್ತಿರ ಹೋದೆ. ಗೆರೆಯನ್ನೇ ನೋಡುತ್ತಿದ್ದೆ. ಶುರುವಿನಲ್ಲಿ ಸಮ. ಅಲ್ಲಲ್ಲಿ ಒಂದು ಸಣ್ಣ ಏರು, ಮತ್ತೆ ಸಮ. ಆ ಏರು ಏನೆಂದು ನನಗೆ ಗೊತ್ತಿತ್ತು, ರೊಟ್ಟಿಯನ್ನು ಕಲ್ಲಿನಿಂದ ಎತ್ತಿ ಹಂಚಿಗೆ ಹಾಕಿದ್ದು. ಮೂರನೇ ನಿಮಿಷ ಮುಟ್ಟಿದ ಕೂಡಲೇ ಗೆರೆ ಚಪ್ಪಟೆ. ಮೂರೂವರೆ ಸೆಕೆಂಡು ಏನೂ ಇಲ್ಲ. ಆಮೇಲೆ ಮತ್ತೆ ಬಡಿತ. ಈ ಗೆರೆ ನನಗೆ ನನ್ನ ಸಹಿಯಷ್ಟು ಗುರುತಿತ್ತು. ಅದು ನಮ್ಮವ್ವನ ಎದೆ. ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಕೆಲಸಕ್ಕೆ ಸೇರಿದ ಹೊಸತು. ಬಿಲ್ಲೆ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಯಾರದೋ ಕಡತ ಸಿಗದೇ ಹೋದರೆ ಬಿಲ್ಲೆ ಏನು ಮಾಡಬೇಕು ಎಂದು ನಾನು ಬರೆಯಬೇಕಿತ್ತು. ನಮ್ಮ ಕಸುಬಿನಲ್ಲಿ ಇದು ದಿನದ ಕೆಲಸ, ಏನಾದರೂ ಸಿಗದಿದ್ದರೆ ಅದರ ಬದಲಿಗೆ ಏನು ಎಂದು ಹೇಳಿಡುವುದು. ಬದಲಿಗೆ ಕೊಡಲು ನನ್ನ ಹತ್ತಿರ ಯಾವ ಎದೆಯ ಬಡಿತವೂ ಇರಲಿಲ್ಲ. ಮನೆಗೆ ಬಂದು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕುಪ್ಪಸದ ಅಂಚಿನ ಪಕ್ಕ ಎದೆಗೆ ತಂತಿ ಅಂಟಿಸಿದೆ.

"ಏನ ಇದು ನಿನ್ನ ಆಟ? ಕೈಯಾಗ ಹಿಟ್ಟೈತಿ ನೋಡು," ಎಂದು ಬೈದಳು, ಆದರೆ ಕೀಳಲಿಲ್ಲ.

ನಾಲ್ಕು ನಿಮಿಷ ಹಿಡಿದುಕೊಂಡೆ. 'ಅವ್ವ' ಎಂದು ಹೆಸರಿಟ್ಟು, ಪ್ರೋಗ್ರಾಮಿನೊಳಗೆ ಸೇರಿಸಿ, ಪಕ್ಕದಲ್ಲಿ 'ತಾತ್ಕಾಲಿಕ, ಆಮೇಲೆ ತೆಗೆಯುವುದು' ಎಂದು ಬರೆದೆ. ಆ ಆಮೇಲೆ ಒಂಬತ್ತು ವರ್ಷವಾದರೂ ಬರಲಿಲ್ಲ. ಯಾರ ಕಡತವೂ ಕಾಣೆಯಾಗದ ಕಾರಣ ಅದರ ಅಗತ್ಯವೇ ಬೀಳಲಿಲ್ಲ, ನಾನೂ ಮರೆತೆ.

ಹಿಂದಿನ ಶುಕ್ರವಾರದ ಬದಲಾವಣೆಯಲ್ಲಿ ಕಡತಗಳನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಿದ್ದೆವು. ಆದರೆ ಪ್ರೋಗ್ರಾಮಿನ ಒಂದು ಸಾಲಿನಲ್ಲಿ ಹಳೆಯ ಜಾಗದ ವಿಳಾಸವೇ ಉಳಿದಿತ್ತು. ಬಿಲ್ಲೆಗಳು ಹಳೆಯ ಮನೆಗೆ ಹೋಗಿ ಬಾಗಿಲು ತಟ್ಟಿದವು, ಯಾರೂ ಇರಲಿಲ್ಲ. ಕಡತ ಸಿಗಲಿಲ್ಲ ಎಂದು ಕೂಗಬೇಕಿತ್ತು. ಕೂಗಲಿಲ್ಲ, ಯಾಕೆಂದರೆ ನಾನು ಬದಲಿ ಕೊಟ್ಟಿದ್ದೆನಲ್ಲ. ನಲವತ್ತೊಂದು ಸಾವಿರವೂ ಅವ್ವನ ನಾಲ್ಕು ನಿಮಿಷದ ಬಡಿತ ತೆಗೆದುಕೊಂಡು, ಅದನ್ನೇ ಮತ್ತೆ ಮತ್ತೆ ತಿರುಗಿಸುತ್ತ ಸುಮ್ಮನೆ ಕೆಲಸ ಶುರು ಮಾಡಿದವು. ಎದೆ ನಿಲ್ಲಬೇಕೆಂದು ಕಡತವೇ ಹೇಳುತ್ತಿತ್ತು, ಎದೆ ನಿಲ್ಲುತ್ತಿತ್ತು, ಎರಡೂ ತಾಳೆಯಾಗಿ ಚುಕ್ಕೆ ಹಸಿರಾಗುತ್ತಿತ್ತು.

ಝಾಕೀರ್ ಅಷ್ಟರಲ್ಲಿ ಕಡತವನ್ನೇ ತೆರೆದಿದ್ದ. ಮೇಲ್ಗಡೆ ನಾನು ಬರೆದಿಟ್ಟಿದ್ದ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದ: "ಮೂರನೇ ನಿಮಿಷದಲ್ಲಿ ಸ್ವಲ್ಪ ಖಾಲಿ ಬಂದಿದೆ. ತಂತಿ ಸಡಿಲಾಗಿರಬೇಕು. ಲಕ್ಷ್ಯ ಕೊಡಬೇಡಿ. ನೀಲಗಂಗಾ ಹೆಬಸೂರ."

ಓದಿ ನನ್ನ ಮುಖ ನೋಡಿದ. "ಅಕ್ಕಾ, ತಂತಿ ಸಡಿಲಾಗಿದ್ರ ಗೆರಿ ಅಡ್ಡಾದಿಡ್ಡಿ ಬರತಿತ್ತು. ಇದು ಅಚ್ಚುಕಟ್ಟಾಗಿ ನಿಂತೈತಿ. ಇದು ತಂತಿ ಅಲ್ಲರಿ."

ಅಲ್ಲ. ಈಗ ನೋಡಿದರೆ ಕಾಲೇಜು ಹುಡುಗರಿಗೂ ಗೊತ್ತಾಗುತ್ತದೆ ಅದು ತಂತಿಯಲ್ಲ ಅಂತ. ಅವ್ವ ತೀರಿಕೊಂಡದ್ದು ಒಂದು ಭಾನುವಾರ ಮಧ್ಯಾಹ್ನ, ಹಸಿ ಬಟಾಣಿ ಸುಲಿಯುತ್ತ ಕೂತಲ್ಲೇ. ಜ್ವರವಿಲ್ಲ, ನೋವಿಲ್ಲ. ಎದೆ ನಿಂತಿತು, ಮೊದಲೇ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು. ಮೊದಲೇ ಗೊತ್ತಾಗಿತ್ತು. ಐದು ವರ್ಷ ಮೊದಲೇ ನನ್ನ ಕೈಯಲ್ಲಿ ಅದರ ಚಿತ್ರವಿತ್ತು. ಪರೀಕ್ಷೆಗೆಂದು ಅದನ್ನೇ ದಿನಕ್ಕೆ ಹತ್ತು ಸಲ ನೋಡಿದ್ದೆ. ನೋಡಿದವರು ಯಾರೂ ಲಕ್ಷ್ಯ ಕೊಡಬಾರದೆಂದು ಸಹಿ ಹಾಕಿ ಬರೆದಿಟ್ಟಿದ್ದೆ. ನಾನು ಕುರ್ಚಿ ಎಳೆದುಕೊಂಡು ಕೂತು ಮುಖ ಮುಚ್ಚಿಕೊಂಡೆ.

"ಅಳಾಕ ಟೈಮ್ ಇಲ್ಲ ಅಕ್ಕಾ," ಝಾಕೀರ್ ಮೆಲ್ಲಗೆ ಅಂದ. "ನಾಕಕ್ಕ ಪೂರ್ತಿ ಹಿಡಿತ."

ನಾಲ್ಕಕ್ಕೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಇಲ್ಲಿಯವರೆಗೆ ಹಿಡಿತ ಸಡಿಲವಿದ್ದುದರಿಂದ ಆ ಮೂರೂವರೆ ಸೆಕೆಂಡಿನೊಳಗೆ ಎದೆಗಳು ತಾವಾಗಿಯೇ ಒಂದೆರಡು ಸಲ ಬಡಿದುಕೊಂಡು ಬಚಾವಾಗುತ್ತಿದ್ದವು. ನಾಲ್ಕರ ನಂತರ ಬಿಲ್ಲೆ ಅದಕ್ಕೂ ಬಿಡುವುದಿಲ್ಲ. ನಾಲ್ಕು ನಿಮಿಷಕ್ಕೊಮ್ಮೆ, ಹಗಲೂ ರಾತ್ರಿ, ನಲವತ್ತೊಂದು ಸಾವಿರ ದುರ್ಬಲ ಎದೆಗಳನ್ನು ಮೂರೂವರೆ ಸೆಕೆಂಡು ನಿಲ್ಲಿಸುತ್ತದೆ. ಎಲ್ಲವೂ ಮತ್ತೆ ಶುರುವಾಗುತ್ತವೆ ಎಂದು ಯಾವ ಡಾಕ್ಟರೂ ಹೇಳಲಾರ.

ನಮ್ಮ ಮುಖ್ಯಸ್ಥರು ಶ್ರೀಪಾದ ಕಟ್ಟಿ. ಅವರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು.

"ದೂರದಿಂದನ ಬಿಲ್ಲೆ ಬಂದ್ ಮಾಡಿಬಿಟ್ರ?"

"ಆಗಂಗಿಲ್ಲ ಸರ್. ವರ್ಷಗಟ್ಟಲೆ ಅದರ ಆಸರಿ ಮ್ಯಾಲ ಬಡದ ಎದಿ. ಒಮ್ಮಿಗೇ ಬಿಟ್ರ ಅದೂ ಅಪಾಯ."

"ಆ ಸಾಲು ಬರದದ್ದು ಯಾರು?"

"ನಾನು ಸರ್."

"ಶುಕ್ರವಾರ ಬಿಡ್ರಿ ಅಂತ ಹೇಳಿದಾಂವ ನಾನ," ಎಂದರು. "ಅದನ್ನ ಆಮ್ಯಾಲ ಮಾತಾಡೋಣ. ಮದ್ಲ ಸರಿ ಮಾಡ್ರಿ. ನಾನೂ ಪಕ್ಕದಾಗ ಕೂತು ನೋಡ್ತೇನಿ."

ಸರಿ ಮಾಡಬೇಕಾದದ್ದು ಒಂದೇ ಒಂದು ಸಾಲು, ಹಳೆಯ ವಿಳಾಸ ಅಳಿಸಿ ಹೊಸದು ಬರೆಯುವುದು. ಬರೆಯಲು ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷದ ಕೆಲಸವನ್ನು ಮೂವರು ಸೇರಿ ಎರಡು ತಾಸು ತಿರುಗಿಸಿ ಮುರುಗಿಸಿ ನೋಡಿದೆವು. ಪರೀಕ್ಷೆಯ ಗೊಂಬೆಗಳಿಗೆ ಬಿಲ್ಲೆ ಅಂಟಿಸಿ ಓಡಿಸಿದೆವು. ಪ್ರತಿ ಗೊಂಬೆಯೂ ತನ್ನದೇ ಬಡಿತಕ್ಕೆ ಮರಳಿತು. ಹನ್ನೆರಡೂವರೆಗೆ ಬದಲಾವಣೆ ಬಿಟ್ಟೆವು, ಮತ್ತೆ ಶುಕ್ರವಾರವೇ.

ಆದರೆ ನಾವು ಬಿಟ್ಟರೆ ಮುಗಿಯಲಿಲ್ಲ. ಎದೆಯ ಮೇಲಿನ ಯಂತ್ರವನ್ನು ಅದರ ಧಣಿಯ ಒಪ್ಪಿಗೆಯಿಲ್ಲದೆ ಯಾರೂ ಬದಲಿಸಬಾರದು ಎಂದು ಕಾಯ್ದೆ. ಬಿಲ್ಲೆ ಮೂರು ಸಲ ಜುಮುಗುಡುತ್ತದೆ. ಹಾಕಿಕೊಂಡವರು ಅದನ್ನು ಬೆರಳಿನಿಂದ ಎರಡು ಸಲ ಒತ್ತಬೇಕು, ಒತ್ತಿದರೆ ಬದಲಾವಣೆ ಒಳಗೆ ಹೋಗುತ್ತದೆ, ನಮ್ಮ ಪರದೆಯ ಮೇಲೆ ಹಸಿರು ಚುಕ್ಕೆ ನೀಲಿಯಾಗುತ್ತದೆ. ಹಿಂದಿನ ವಾರ ನಮ್ಮನ್ನು ನಂಬಿ ಎಲ್ಲರೂ ಒತ್ತಿದ್ದರು.

ಒಂದು ಗಂಟೆಗೆ ಅರ್ಧ ಪರದೆ ನೀಲಿಯಾಯಿತು. ಎರಡಕ್ಕೆ ನಾಲ್ಕು ಸಾವಿರ ಉಳಿದವು. ಆಗ ಇಡೀ ಆಫೀಸು ಫೋನು ಹಿಡಿದು ಕೂತಿತು. ಲೆಕ್ಕಪತ್ರದವರು, ಕಾವಲುಗಾರರು, ಚಹಾ ತರುವ ಯಲ್ಲವ್ವ ಕೂಡ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಕರೆ ಮಾಡಿದರು.

"ಅಜ್ಜಾ, ಎದಿ ಮ್ಯಾಲಿನ ಬಿಲ್ಲಿ ಎಲ್ಡ್ ಸಲ ಒತ್ತು... ಹೂಂ, ಈಗ ಒತ್ತು... ಊಟ ಆಮ್ಯಾಲ ಮಾಡಂತ, ಮದ್ಲ ಒತ್ತು ಮಾರಾಯಾ!" ಯಲ್ಲವ್ವ ನಮ್ಮೆಲ್ಲರಿಗಿಂತ ಬೇಗ ಕೆಲಸ ಮುಗಿಸುತ್ತಿದ್ದಳು. ನಮ್ಮ ಹುಡುಗರು ಕ್ಷಮಿಸಿ, ದಯವಿಟ್ಟು ಎನ್ನುತ್ತ ತಾಂತ್ರಿಕ ವಿವರಣೆ ಕೊಡುವಷ್ಟರಲ್ಲಿ ಅವಳು ಮೂವರನ್ನು ಒತ್ತಿಸಿರುತ್ತಿದ್ದಳು.

ಮೂರು ಗಂಟೆಗೆ ಮೂವತ್ತೊಂದು ಉಳಿದವು. ಮೂರು ಹತ್ತಕ್ಕೆ ಒಂಬತ್ತು. ನಾನು ಆಗ ಪಟ್ಟಿಯ ಕಡೆ ಸರಿಯಾಗಿ ನೋಡಿದೆ. ಏಳನೇ ಹೆಸರು: ಫಕೀರಪ್ಪ ಹೆಬಸೂರ, ಗದಗ ರಸ್ತೆ, ಹುಬ್ಬಳ್ಳಿ.

ಅಪ್ಪ. ಮಧ್ಯಾಹ್ನ ಒಂದಕ್ಕೇ ಫೋನು ಮಾಡಿ ಹೇಳಿದ್ದೆ. ಹೂಂ ಅಂದಿದ್ದ. ಈಗ ಮಾಡಿದರೆ ಫೋನು ಬಂದ್. ಸುಶೀಲಾಬಾಯಿಗೆ ಮಾಡಿದೆ. "ಬಾಗಿಲಾ ಹಾಕ್ಕೊಂಡಾರವಾ. ನಾ ಕರದ್ರೂ ತಗೀವಲ್ರು. ಒಳಗ ಕೆಮ್ಮಿದ್ದು ಕೇಳಸ್ತು," ಎಂದರು.

ಸ್ಕೂಟರನ್ನು ಹೇಗೆ ಓಡಿಸಿದೆನೋ ನನಗೇ ನೆನಪಿಲ್ಲ.

ಅಪ್ಪ ರೈಲ್ವೆಯಲ್ಲಿ ಗಾಲಿ ಬಡಿಯುವ ಕೆಲಸದಲ್ಲಿದ್ದವ. ಗಾಡಿ ಬಂದು ನಿಂತಾಗ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದು ಗಾಲಿಗೂ ಒಂದೊಂದು ಏಟು ಹಾಕುತ್ತ ಸಾಗುವುದು. ಗಟ್ಟಿ ಗಾಲಿ ಗಂಟೆಯ ಹಾಗೆ ನಾದ ಕೊಡುತ್ತದೆ, ಒಳಗೆ ಬಿರುಕಿದ್ದರೆ ದನಿ ಸಾಯುತ್ತದೆ. ಮೂವತ್ತೊಂದು ವರ್ಷದಲ್ಲಿ ಬಿರುಕು ಬಿದ್ದ ಒಂದು ಗಾಲಿಯನ್ನೂ ಅವನು ಮುಂದೆ ಹೋಗಗೊಟ್ಟಿರಲಿಲ್ಲ. ಯಂತ್ರಗಳು ಬಂದ ಮೇಲೂ ಹಳೆಯ ಡ್ರೈವರುಗಳು, ಫಕೀರಪ್ಪ ಒಮ್ಮೆ ಬಡಿಯಲಿ ತಡೀರಿ, ಎನ್ನುತ್ತಿದ್ದರಂತೆ. ಆ ಸುತ್ತಿಗೆ ಈಗಲೂ ನಮ್ಮ ಪಡಸಾಲೆಯ ಮೂಲೆಯಲ್ಲಿದೆ.

ನನ್ನ ಹತ್ತಿರದ ಕೀಲಿಯಿಂದ ಬಾಗಿಲು ತೆಗೆದೆ. ಅಪ್ಪ ಮಂಚದ ಮೇಲೆ ಕೂತಿದ್ದ, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿತ್ತು, ಅಂಗೈಯನ್ನು ಬಿಲ್ಲೆಯ ಮೇಲೆ ಮುಚ್ಚಿ ಹಿಡಿದಿದ್ದ. ಗೋಡೆಯ ಗಡಿಯಾರದಲ್ಲಿ ಮೂರು ಮೂವತ್ತೈದು.

"ಅಪ್ಪಾ! ತಲಿಗಿಲಿ ಕೆಟ್ಟೈತೇನ ನಿನಗ? ಒತ್ತು ಮದಲ!"

"ಒತ್ತಂಗಿಲ್ಲ," ಎಂದ.

"ಯಾಕ?"

"ಒತ್ತಿದ್ರ ಆಕಿ ಹೋಗ್ತಾಳ."

ಅವ್ವನ ಬಡಿತದ ವಿಷಯ ನಾನು ಇವನಿಗೆ ಏನೂ ಹೇಳಿರಲಿಲ್ಲ. ಬಿಲ್ಲೆಯಲ್ಲಿ ದೋಷವಿದೆ ಎಂದಷ್ಟೇ ಹೇಳಿದ್ದೆ.

"ಶನಿವಾರ ರಾತ್ರಿನ ಗೊತ್ತಾತು ನನಗ," ಅಪ್ಪ ನನ್ನ ಕಡೆ ನೋಡದೆ ಹೇಳಿದ. "ಮೂವತ್ತನಾಕು ವರ್ಷ ನಿಮ್ಮವ್ವನ ಬೆನ್ನಿಗೆ ಕೈ ಇಟಗೊಂಡು ಮಲಗೀನಿ. ಆ ಬಡಿತ ನನಗ ಗುರ್ತಾ ಸಿಗಂಗಿಲ್ಲೇನ? ಹೆಂಗ ಬಂತೋ ಗೊತ್ತಿಲ್ಲ. ಕೇಳಿದ್ರ ನೀ ತಗದಬಿಡ್ತಿ ಅಂತ ಕೇಳಲಿಲ್ಲ. ನಾಕು ವರ್ಷದಾಗ ಮದಲನೇ ಸಲ ಈ ವಾರ ನಿದ್ದಿ ಮಾಡೀನಿ, ಮಗಳ."

ನಾನು ಗಡಿಯಾರದ ಕಡೆ ಕೈ ಮಾಡಿ ಕೂಗಿದೆ. "ನಾಕಕ್ಕ ನಿನ್ನ ಎದಿ ನಿಲ್ಲತೈತಿ! ತಿಳೀತೇನ? ನೀನೂ ಹೋದ್ರ ನಾ ಯಾರ ಮಾರಿ ನೋಡ್ಲಿ?"

"ಹೋದ್ರ ಆಕಿ ಜೋಡೀನ ಹೋಗ್ತೀನಿ ಬಿಡು."

ಮೂರು ನಲವತ್ತಕ್ಕೆ ಫೋನು ಬಡಿದುಕೊಂಡಿತು. ಝಾಕೀರ್. "ಅಕ್ಕಾ, ಮೂರು ಉಳದಾವು. ಎರಡು ನವಲಗುಂದ ಕಡೆ, ಆಂಬುಲೆನ್ಸ್ ಮುಟ್ಟೇತಿ. ಇನ್ನೊಂದು ನಿಮ್ಮಪ್ಪಂದು." ನಾನು ಫೋನನ್ನು ಮಂಚದ ಮೇಲೆ ಎಸೆದೆ.

ಪ್ರೋಗ್ರಾಂ ಬರೆಯುವವರು ತಪ್ಪು ಸಿಗದೆ ಒದ್ದಾಡುವಾಗ ಒಂದು ಕೆಲಸ ಮಾಡುತ್ತಾರೆ. ಏನೂ ಗೊತ್ತಿಲ್ಲದವರ ಮುಂದೆ ಕೂತು ಮೊದಲಿನಿಂದ ಒಂದೊಂದೇ ಸಾಲು ವಿವರಿಸುತ್ತಾರೆ. ಅವರಿಗೆ ತಿಳಿಯಬೇಕಿಲ್ಲ, ಕೇಳಿದರೆ ಸಾಕು. ನಾನು ಯಾವಾಗಲೂ ಅವ್ವನ ಮುಂದೆ ಕೂರುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತ, ಮತ್ತ, ಮುಂದ, ಎನ್ನುತ್ತಿದ್ದಳು. ಈಗ ಅಪ್ಪನ ಮುಂದೆ ನೆಲದ ಮೇಲೆ ಕೂತೆ.

"ಕೇಳು. ಒಂಬತ್ತು ವರ್ಷದ ಹಿಂದ ಅವ್ವನ ಎದಿಗೆ ತಂತಿ ಹಚ್ಚಿದ್ದೆ ನೆನಪೈತೇನ? ಈ ಬಡಿತ ಅದು. ಅದರಾಗ ಒಂದು ಕಡೆ ಎದಿ ನಿಲ್ಲತೈತಿ. ನಾಕು ನಿಮಿಷಕ್ಕೊಮ್ಮೆ ನಿನಗ ಆಗತೈತೆಲ್ಲ, ಅದ. ಬಿರುಕು ಅಪ್ಪಾ ಅದು. ಗಾಲಿ ಒಳಗಿನ ಬಿರುಕು. ಅವ್ವ ಅದರಿಂದನ ಸತ್ತಳು. ಅವತ್ತ ಅದು ನನಗ ಕಂಡಿತ್ತು. ನಾ ಏನ್ ಬರದೆ ಗೊತ್ತೇನ? ತಂತಿ ಸಡಿಲಾಗಿರಬೇಕು, ಲಕ್ಷ್ಯ ಕೊಡಬ್ಯಾಡ್ರಿ ಅಂತ ಬರದೆ. ಅವತ್ತ ಒಂದ್ ಮಾತು ಡಾಕ್ಟರ್‌ಗೆ ತೋರಿಸಿದ್ರ ಅವ್ವ ಇವತ್ತ ಇಲ್ಲೇ ಕುಂತಿರ್ತಿದ್ದಳು. ನಾ ಕೊಂದೆ ಅಪ್ಪಾ."

ಮೂರು ನಲವತ್ತಮೂರಕ್ಕೆ ಅಪ್ಪನ ಮೈ ಸಣ್ಣಗೆ ಕುಲುಕಿತು. ತುಟಿಯ ಬಣ್ಣ ಹೋಗಿ ಮತ್ತೆ ಬಂತು. ಬೆಳಿಗ್ಗೆ ಇಷ್ಟಿರಲಿಲ್ಲ, ಹಿಡಿತ ಏರುತ್ತಿತ್ತು.

"ನನ್ನ ಕೈಗೂ ಹತ್ತಿತ್ತು," ಎಂದ ಅಪ್ಪ.

"ಏನು?"

"ಮಲಗಿದಾಗ. ಆಕಿ ಬೆನ್ನಿನ ಮ್ಯಾಲ ಕೈ ಇಟ್ಟಾಗ. ಒಮ್ಮೊಮ್ಮೆ ಬಡಿತ ತಪ್ಪತಿತ್ತು. ನನ್ನ ಕೈ ಜೋಮು ಹಿಡದೈತಿ ಅಂದ್ಕೊಂಡು ಮಗ್ಗಲಾ ಬದಲಿ ಮಾಡ್ತಿದ್ದೆ." ಅವನು ಅಂಗೈ ತಿರುಗಿಸಿ ನೋಡಿಕೊಂಡ. "ಊರ ಮಂದಿ ಗಾಡಿ ಗಾಲಿ ಬಡದು ಬಡದು ಬಿರುಕು ಹುಡುಕಿದೆ. ಮನ್ಯಾಗಿಂದು ಕೈಯಾಗ ಹತ್ತಿದ್ರೂ ತಿಳೀಲಿಲ್ಲಲ್ಲ. ನಾನೂ ಎಂಥಾ ಮಬ್ಬ."

ಅಪ್ಪ ಅಳುವುದನ್ನು ನಾನು ಅವ್ವ ಹೋದ ದಿನವೂ ನೋಡಿರಲಿಲ್ಲ. ಈಗ ನೋಡಿದೆ. ಅವನ ಮೊಣಕಾಲು ಹಿಡಿದುಕೊಂಡೆ. ಮೂರು ನಲವತ್ತೇಳಕ್ಕೆ ಅವನು ಮತ್ತೆ ಕುಲುಕಿದ, ಈ ಸಲ ಮುಂದಕ್ಕೆ ಬಾಗಿಬಿಟ್ಟ. ನಾನು ಭುಜ ಹಿಡಿದು ಕೂರಿಸಿದೆ.

"ಅಪ್ಪಾ, ಬಿರುಕ ಗಾಲಿ. ಮುಂದ ಬಿಡ್ತೀಯೇನ ನೀನು?"

ಅವನು ಕಣ್ಣೊರೆಸಿಕೊಂಡ. ಇನ್ನೊಂದು ಸಲ ಅಂಗೈಯನ್ನು ಎದೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಸುತ್ತಿಗೆಯ ಏಟಿನ ನಂತರ ನಿಂತು ಕೇಳುತ್ತಿದ್ದ ಹಾಗೆ ಕೇಳಿದ. ಏನೋ ಅಂದ, ನನಗಲ್ಲ, ಅವ್ವನಿಗೆ. ಆಮೇಲೆ ತೋರುಬೆರಳಿನಿಂದ ಬಿಲ್ಲೆಯನ್ನು ಒತ್ತಿದ. ಇನ್ನೊಮ್ಮೆ ಒತ್ತಿದ. ಮೂರು ಐವತ್ತೊಂದು ಬಂತು, ಹೋಯಿತು. ಅಪ್ಪ ಅಲುಗಾಡಲಿಲ್ಲ.

"ಹೋತು," ಎಂದ. "ಈಗ ನಾ ಒಬ್ಬನ ಅದೀನಿ."

ಝಾಕೀರನ ಕರೆ ಬಂತು. ಅವನ ಹಿಂದೆ ಆಫೀಸೆಲ್ಲ ಕೂಗಾಡುವ ಗದ್ದಲ, ಯಲ್ಲವ್ವನ ಶಿಳ್ಳೆ. "ಎಲ್ಲಾ ನೀಲಿ ಅಕ್ಕಾ! ನವಲಗುಂದದ್ದೂ ಆತು! ಕಟ್ಟಿ ಸರ್ ಅಳಾಕತ್ತಾರ!" ನಾನೂ ಅತ್ತೆ. ಮುಖ ತೊಳೆದುಕೊಂಡು, ಅಪ್ಪನಿಗೆ ನೀರು ಕೊಟ್ಟು, ಆಫೀಸಿಗೆ ಹೋಗಿ ಮಾಡಬೇಕಾದದ್ದನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಅವನ ಪಕ್ಕ ಕೂತೆ. ಅವ್ವನ ಕಡತವನ್ನು ಬದಲಿಯ ಜಾಗದಿಂದ ತೆಗೆಯಬೇಕು. ಯಾರ ಎದೆಯಲ್ಲಾದರೂ ಆ ಮೂರೂವರೆ ಸೆಕೆಂಡು ಕಂಡರೆ ಕೂಡಲೇ ಕೆಂಪು ದೀಪ ಹತ್ತುವ ಹಾಗೆ ಹೊಸದಾಗಿ ಬರೆಯಬೇಕು. ನನ್ನ ಟಿಪ್ಪಣಿಯನ್ನು ಅಳಿಸಬಾರದು, ಅದರ ಕೆಳಗೆ ನಿಜ ಬರೆದು ಮತ್ತೆ ಸಹಿ ಹಾಕಬೇಕು.

"ನಾ ಹೋಗಿ ಬರ್ತೀನಪ್ಪಾ," ಎಂದು ಎದ್ದೆ. ಎದ್ದ ರಭಸಕ್ಕೆ ಕಣ್ಣು ಕತ್ತಲಾಗಿ ಮಂಚದ ಕಾಲು ಹಿಡಿದೆ.

ಅಪ್ಪ ನನ್ನ ಮುಂಗೈ ಹಿಡಿದು ಎಳೆದು ಕೂರಿಸಿದ.

"ಏನಾತು?"

"ಏನಿಲ್ಲ. ಮುಂಜಾನಿಂದ ತಿಂದಿಲ್ಲ."

"ಹೋದ ವಾರ ತಿಂದಿದ್ದಿ. ಅವತ್ತೂ ಬಾಗಲಾ ಹಿಡಕೊಂಡು ನಿಂತಿದ್ದಿ."

"ಕಂಪ್ಯೂಟರ್ ನೋಡಿ ನೋಡಿ ಹಂಗ ಆಗತೈತಪ್ಪಾ. ಎಲ್ಲಾರಿಗೂ ಆಗತೈತಿ. ಬಿಡು, ಕಟ್ಟಿ ಸರ್ ಕಾಯಾಕತ್ತಾರ."

"ಸುಮ್ಮ ಕುಂದ್ರು," ಎಂದ.

ಅವನ ಬೆರಳು ನನ್ನ ಮಣಿಕಟ್ಟಿನ ಒಳಗಡೆ ಸರಿದವು. ಅಪ್ಪ ಕಣ್ಣು ಮುಚ್ಚಿದ. ಒಂದು ನಿಮಿಷವಾಯಿತು. ಎರಡಾಯಿತು. ಹೊರಗೆ ತರಕಾರಿಯವನು ಕೂಗುತ್ತ ಹೋದ, ಸುಶೀಲಾಬಾಯಿ ಅವನ ಜೊತೆ ಜಗಳವಾಡಿದರು. ನಾನು ಕೈ ಬಿಡಿಸಿಕೊಳ್ಳಲು ನೋಡಿದೆ, ಅವನು ಬಿಡಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಅವನ ಬೆರಳು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಒತ್ತಿದವು. ಅವನು ಉಸಿರು ಹಿಡಿದು ಕಾದ. ಮುಖದ ರಕ್ತವೆಲ್ಲ ಇಳಿದುಹೋಯಿತು. ಆಮೇಲೆ ಕಣ್ಣು ತೆರೆದು ನನ್ನನ್ನೇ ನೋಡಿದ.

ನಿನ್ನ ಕೈ ಜೋಮು ಹಿಡಿದಿರಬೇಕಪ್ಪಾ. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಚಪ್ಪಲಿ ಹಾಕ್ಕೋ," ಎಂದ ಅಪ್ಪ. ಕೈ ಬಿಟ್ಟಿರಲಿಲ್ಲ. "ದವಾಖಾನಿಗೆ ನಡಿ."

ನಾನು ಆ ಮಾತು ಆಡಲಿಲ್ಲ. ಚಪ್ಪಲಿ ಹಾಕಿಕೊಂಡೆ.